ಕಾವೇರಿಗೆ ಎಷ್ಟು ಶೇಕಡಾ?

ತ್ರಿವೇಣಿಯವರ ‘ಶರಪಂಜರ’ವನ್ನು ನಮ್ಮ ತಲೆಮಾರಿನ ಬಹುಪಾಲು ಜನ ಓದುವ ಮೊದಲು ನೋಡಿದವರು. ಪುಟ್ಟಣ್ಣ ಕಣಗಾಲರ 1972ರ ಚಿತ್ರದಲ್ಲಿ ಕಲ್ಪನಾ ಕಾವೇರಿಯಾದದ್ದು ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಆಮೇಲೆ ಕಾದಂಬರಿ ಕೈಗೆತ್ತಿಕೊಂಡರೂ ಪುಟಪುಟದಲ್ಲಿ ಆಕೆಯ ಮುಖವೇ ಕಾಣುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಹೆಣ್ಣೊಬ್ಬಳು ಬಾಣಂತನದಲ್ಲಿ ಮನಸ್ಸಿನ ಹತೋಟಿ ತಪ್ಪುತ್ತಾಳೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆ ಅವಳನ್ನು ಮರಳಿ ತೆಗೆದುಕೊಳ್ಳುವುದಿಲ್ಲ. ಅವಳು ಸಿಟ್ಟಾದರೆ ಹಳೆಯದು ಮರುಕಳಿಸಿತೇ ಎಂಬ ಭಯ, ನಕ್ಕರೆ ಅನುಮಾನ. ಗಂಡ ಸತೀಶನ ಮನಸ್ಸು ಬೇರೆ ಕಡೆ ಹರಿದಿದೆ. ಕೊನೆಗೆ ಅವಳು ಮತ್ತೆ ಅದೇ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಓದಿದ್ದು ಬಿ.ಕಾಂ., ನಂತರ ಸಿ.ಎ. ಹಲವು ವರ್ಷಗಳಿಂದ ಸೌದಿ ಅರೇಬಿಯಾದ ಪೂರ್ವ ತೀರದ ದಮ್ಮಾಮ್‌ನಲ್ಲಿ ಲೆಕ್ಕ ಬರೆದು ಬದುಕುತ್ತಿದ್ದೇನೆ. ಆದ್ದರಿಂದ ಈ ಕಾದಂಬರಿಯನ್ನು ಇತ್ತೀಚೆಗೆ ಮತ್ತೆ ಓದಿದಾಗ ನನ್ನ ತಲೆಗೆ ಬಂದ ಪ್ರಶ್ನೆ ವಿಮರ್ಶಕರು ಕೇಳುವಂಥದ್ದಲ್ಲ, ಲೆಕ್ಕಿಗ ಕೇಳುವಂಥದ್ದು: ಇಂದಿನ ನಿಯಮಗಳ ಪ್ರಕಾರ ಕಾವೇರಿಗೆ ಎಷ್ಟು ಶೇಕಡಾ ಅಂಗವೈಕಲ್ಯ?

ಇದು ಕುಚೋದ್ಯದ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಹಿಂದಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಮಾನಸಿಕ ಅಸ್ವಸ್ಥತೆ ಎರಡರಲ್ಲೂ ಉಂಟು. ಆದರೆ ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ ಶೇ. 40ರ ಗೆರೆ ದಾಟಿರಬೇಕು. ಆ ಶೇಕಡಾವಾರನ್ನು ಯಾರಾದರೂ ಅಳೆಯಲೇಬೇಕು. ಅಳೆಯುವ ಕೆಲಸ ಅನ್ವಯಿಕ ಮನೋವಿಜ್ಞಾನದ ಪಾಲಿಗೆ ಬಂದಿದೆ.

ಮಾನಸಿಕ ಅಸ್ವಸ್ಥತೆಗೆ ಬಳಸುವ ಅಳತೆಗೋಲಿನ ಹೆಸರು ‘ಐಡಿಯಾಸ್’. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು. 2002ರಲ್ಲಿ ಸರ್ಕಾರ ಒಪ್ಪಿಕೊಂಡಿತು, 2018ರ ಮಾರ್ಗಸೂಚಿಯೂ ಅದನ್ನೇ ಮುಂದುವರಿಸಿತು. ಅದರಲ್ಲಿ ನಾಲ್ಕು ಕಲಮುಗಳಿವೆ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಕೆಲಸವೆಂದರೆ ನೌಕರಿಯೂ ಆಗಬಹುದು, ಮನೆಗೆಲಸವೂ ಆಗಬಹುದು, ಓದೂ ಆಗಬಹುದು. ಗೃಹಿಣಿಯ ದುಡಿಮೆಯನ್ನು ಕೆಲಸವೆಂದು ಒಪ್ಪಿಕೊಂಡಿರುವುದು ಮೆಚ್ಚತಕ್ಕ ಮಾತು. ಪ್ರತಿ ಕಲಮಿಗೆ ಸೊನ್ನೆಯಿಂದ ನಾಲ್ಕು ಅಂಕ. ಅದರ ಮೇಲೆ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಒಂದರಿಂದ ನಾಲ್ಕು ಅಂಕ. ಒಟ್ಟು ಇಪ್ಪತ್ತು. ಆರರವರೆಗೆ ಬಂದರೆ ಸೌಮ್ಯ, ಅಂದರೆ ಶೇ. 40ರ ಒಳಗೆ. ಏಳು ಮುಟ್ಟಿದರೆ ಗೆರೆ ದಾಟಿದಂತೆ.

ಈಗ ಕಾವೇರಿಯನ್ನು ಈ ಅಳತೆಗೋಲಿನ ಮುಂದೆ ನಿಲ್ಲಿಸೋಣ. ಆಸ್ಪತ್ರೆಯಿಂದ ಗುಣವಾಗಿ ಬಂದ ಹೊಸತು. ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾಳೆ: ಸೊನ್ನೆ. ಮಾತು ಸ್ಪಷ್ಟ, ಗ್ರಹಿಕೆ ಬೇಕಾದ್ದಕ್ಕಿಂತ ಹೆಚ್ಚೇ ಚುರುಕು: ಸೊನ್ನೆ. ಮನೆಗೆಲಸ ಮಾಡಬಲ್ಲಳು, ಮಾಡಬೇಕೆಂಬ ಆಸೆಯೂ ಇದೆ: ಸೊನ್ನೆ. ಒಡನಾಟಕ್ಕೆ ಹಾತೊರೆಯುತ್ತಿದ್ದಾಳೆ: ಸೊನ್ನೆ. ಕಾಯಿಲೆಗೆ ಎರಡು ವರ್ಷ ತುಂಬಿಲ್ಲವೆಂದು ಇಟ್ಟುಕೊಂಡರೆ ಒಂದು ಅಂಕ. ಇಪ್ಪತ್ತಕ್ಕೆ ಒಂದು. ಅಂದರೆ ಕಾಗದದ ಮೇಲೆ ಕಾವೇರಿ ನಮ್ಮ ನಿಮ್ಮ ಹಾಗೆಯೇ ಇದ್ದಾಳೆ. ಆದರೆ ಕಾದಂಬರಿ ಓದಿದ ಯಾರನ್ನೇ ಕೇಳಿ, ಆ ಮನೆಯಲ್ಲಿ ಕೈಕಾಲು ಕಟ್ಟಿಹಾಕಿದಂತೆ ಬದುಕುತ್ತಿರುವವಳು ಅವಳೊಬ್ಬಳೇ ಎನ್ನುತ್ತಾರೆ.

ಎರಡರಲ್ಲಿ ಯಾವುದು ಸುಳ್ಳು? ಎರಡೂ ಸುಳ್ಳಲ್ಲ. ಅಳತೆಗೋಲು ಕಾವೇರಿಯನ್ನು ಅಳೆದಿದೆ, ತ್ರಿವೇಣಿ ಮನೆಯನ್ನು ಅಳೆದಿದ್ದಾರೆ.

ನಮ್ಮ ವೃತ್ತಿಯ ಮೊದಲ ಪಾಠ ಡಬಲ್ ಎಂಟ್ರಿ. ಯಾವ ವ್ಯವಹಾರವೂ ಒಂದು ಖಾತೆಯಲ್ಲಿ ಮುಗಿಯುವುದಿಲ್ಲ. ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಆಗಲೇಬೇಕು. ‘ಜನರೊಂದಿಗಿನ ಒಡನಾಟ’ ಎಂಬ ಕಲಮನ್ನೇ ನೋಡಿ. ನೆರೆಯವರು ಕಾವೇರಿಯನ್ನು ಕಂಡು ಮಾತು ನುಂಗಿಕೊಂಡರೆ ಒಡನಾಟ ಮುರಿಯುತ್ತದೆ. ಕ್ರಮೇಣ ಅವಳೂ ಹಿಂಜರಿಯುತ್ತಾಳೆ. ವರ್ಷ ಕಳೆದ ಮೇಲೆ ಪರೀಕ್ಷೆ ಮಾಡಿದರೆ ಅವಳ ಹೆಸರಿನ ಮುಂದೆ ಎರಡೋ ಮೂರೋ ಅಂಕ ಬೀಳುತ್ತದೆ. ನೆರೆಯವರ ಖಾತೆಯಲ್ಲಿ ಏನೂ ಬೀಳುವುದಿಲ್ಲ, ಅವರಿಗೆ ಖಾತೆಯೇ ಇಲ್ಲ. ಎರಡು ಕಡೆಯ ವ್ಯವಹಾರವನ್ನು ಒಂದೇ ಕಡೆ ಬರೆದರೆ ಆ ಪುಸ್ತಕವನ್ನು ಯಾವ ಆಡಿಟರೂ ಒಪ್ಪುವುದಿಲ್ಲ.

ಈ ಮಾತು ಮನೋವಿಜ್ಞಾನಕ್ಕೆ ತಿಳಿಯದ್ದೇನಲ್ಲ. ತ್ರಿವೇಣಿ ಹೆರಿಗೆಯ ಬೆನ್ನಲ್ಲೇ, ಇನ್ನೂ 35 ತುಂಬದೆ, ತೀರಿಕೊಂಡದ್ದು 1963ರಲ್ಲಿ. ಅದೇ ವರ್ಷ ಎರ್ವಿಂಗ್ ಗಾಫ್ಮನ್ ಅವರ ‘ಸ್ಟಿಗ್ಮಾ’ ಪ್ರಕಟವಾಯಿತು. ಕಳಂಕವೆಂಬುದು ಮನುಷ್ಯನಲ್ಲಿರುವ ಗುಣವಲ್ಲ, ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ನಡುವಿನ ಸಂಬಂಧ ಎಂಬುದು ಅದರ ಮುಖ್ಯ ವಾದ. ಇತ್ತ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಝೋಫ್ರೇನಿಯಾದಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಮನೆಯವರ ಟೀಕೆ, ಹಗೆತನ, ಅತಿಯಾದ ಕಾಳಜಿ ಹೆಚ್ಚಿದ್ದ ಕಡೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಕಂಡುಕೊಂಡರು. ಅವರ ಪ್ರಸಿದ್ಧ ವರದಿ ಬಂದದ್ದು ‘ಶರಪಂಜರ’ ತೆರೆಗೆ ಬಂದ 1972ರಲ್ಲೇ. ಕಾವೇರಿಯದು ಬಾಣಂತಿ ಸನ್ನಿಯ ಬಗೆಯದು, ಬೇರೆ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವಂಥದ್ದು, ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಚೆನ್ನಾಗಿಯೇ ಗುಣವಾಗುವಂಥದ್ದು. ಆದರೂ ‘ಮನೆ ಕೂಡ ರೋಗದ ಗತಿಯನ್ನು ನಿರ್ಧರಿಸುತ್ತದೆ’ ಎಂಬ ಮೂಲ ಮಾತನ್ನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ್ದ ಈ ಲೇಖಕಿ ಆ ವರದಿಗೆ ಹತ್ತು ವರ್ಷ ಮುಂಚೆಯೇ ಹಿಡಿದಿದ್ದರು.

ಇಲ್ಲಿ ಒಂದು ತಕರಾರನ್ನೂ ಎದುರಿಸಬೇಕು. ಇದೇ ಅಧ್ಯಯನವನ್ನು 1980ರ ದಶಕದಲ್ಲಿ ಚಂಡೀಗಢದಲ್ಲಿ ಮಾಡಿದಾಗ, ಭಾರತದ ಕುಟುಂಬಗಳಲ್ಲಿ ಟೀಕೆ ಮತ್ತು ಹಗೆತನ ಲಂಡನ್ನಿಗಿಂತ ಬಹಳ ಕಡಿಮೆ ಎಂದು ಕಂಡುಬಂತು. ಹಾಗಾದರೆ ತ್ರಿವೇಣಿ ಉತ್ಪ್ರೇಕ್ಷೆ ಮಾಡಿದರೇ? ನನಗೆ ಹಾಗನ್ನಿಸುವುದಿಲ್ಲ. ಕಾವೇರಿಯನ್ನು ಮುರಿಯುವುದು ಬೈಗುಳವಲ್ಲ. ಅವಳ ಸುತ್ತಲಿನವರು ಬಹುಮಟ್ಟಿಗೆ ಸಭ್ಯರು. ಅವರು ಮಾಡುವುದು ಒಂದೇ, ಅವಳನ್ನು ಗಮನಿಸುತ್ತಿರುತ್ತಾರೆ. ಅವಳ ಕೈಯಲ್ಲಿ ಮಗು ಇದ್ದಾಗ ಇನ್ನೊಬ್ಬರ ಕಣ್ಣು ಅತ್ತ ಇರುತ್ತದೆ. ಸಂದರ್ಶಕ ಎಣಿಸಬಹುದಾದದ್ದು ಆಡಿದ ಮಾತು ಮತ್ತು ದನಿಯ ಏರಿಳಿತ. ಆಡದೆ ಉಳಿದ ಅನುಮಾನವನ್ನು ಎಣಿಸಲು ಕಾದಂಬರಿಯೇ ಬೇಕು.

ಕಾನೂನಿನ ಕಡೆಗೆ ಬರುತ್ತೇನೆ, ಅದು ನನಗೆ ಹೆಚ್ಚು ಪರಿಚಿತ ಜಾಗ. 2016ರ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲಿ ಅಕ್ಕಪಕ್ಕದಲ್ಲೇ ಎರಡು ವ್ಯಾಖ್ಯೆಗಳಿವೆ. ಒಂದರ ಪ್ರಕಾರ, ದೀರ್ಘಕಾಲದ ಕೊರತೆಯೊಂದು ಸುತ್ತಲಿನ ಅಡೆತಡೆಗಳ ಜೊತೆ ಸೇರಿ, ಇತರರಂತೆ ಸಮಾಜದಲ್ಲಿ ಪಾಲ್ಗೊಳ್ಳಲು ಅಡ್ಡಿಯಾದಾಗ ಆತ ಅಂಗವಿಕಲ. ಭಾರತ 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯಿಂದ ಬಂದ ಸೊಗಸಾದ ವ್ಯಾಖ್ಯೆ ಇದು. ಡಬಲ್ ಎಂಟ್ರಿಯ ವ್ಯಾಖ್ಯೆ ಎನ್ನಬಹುದು. ಇನ್ನೊಂದು ಶೇ. 40ರ ಮಾನದಂಡದ್ದು. ಅದಕ್ಕೆ ಬಳಸುವ ಅಳತೆಗಳಲ್ಲಿ ಅಡೆತಡೆಗೆ ಕಲಮೇ ಇಲ್ಲ. ಹಕ್ಕನ್ನು ಒಂದು ವ್ಯಾಖ್ಯೆ ಘೋಷಿಸುತ್ತದೆ, ಕೊಡುವಾಗ ಇನ್ನೊಂದು ಎದ್ದು ಬರುತ್ತದೆ.

ಆ ಮಾನದಂಡದ ರಚನೆಯನ್ನೂ ನೋಡಬೇಕು. ಬೌದ್ಧಿಕ ವೈಕಲ್ಯವಿರುವ ಮಕ್ಕಳಿಗೆ ಬುದ್ಧಿ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಮಾಪನ ಬಳಸುತ್ತಾರೆ. 2018ರ ಮಾರ್ಗಸೂಚಿಯಲ್ಲಿ ಆ ಮಾಪನದ ಅಂಕ 55ರಿಂದ 69 ಇದ್ದರೆ ಶೇ. 50 ವೈಕಲ್ಯ, 70ರಿಂದ 84 ಇದ್ದರೆ ಶೇ. 25. ಅಂದರೆ 69 ಬಂದ ಮಗುವಿಗೆ ಸವಲತ್ತು ಉಂಟು, 70 ಬಂದ ಮಗುವಿಗೆ ಇಲ್ಲ. ಆದಾಯ ತೆರಿಗೆಯ ಸ್ಲ್ಯಾಬನ್ನು ಜನ ಬೈಯುತ್ತಾರೆ. ಆದರೆ ಅಲ್ಲಿ ಸ್ಲ್ಯಾಬ್ ದಾಟಿದ ಮೊತ್ತಕ್ಕಷ್ಟೇ ಹೆಚ್ಚಿನ ದರ. ಒಂದು ರೂಪಾಯಿ ಹೆಚ್ಚು ದುಡಿದವನು ಬೀದಿಗೆ ಬೀಳುವುದಿಲ್ಲ. ಹಣಕ್ಕೆ ತೋರಿಸಿದ ಈ ಸೂಕ್ಷ್ಮವನ್ನು ಮಕ್ಕಳಿಗೆ ತೋರಿಸಿಲ್ಲ.

ಈ ಮಾಪನದ ಪ್ರಶ್ನೆಗಳನ್ನು ಮಗುವಿಗೆ ಕೇಳುವುದಿಲ್ಲ, ಸಾಮಾನ್ಯವಾಗಿ ತಾಯಿಗೆ ಕೇಳುತ್ತಾರೆ. ಮಗು ಸಣ್ಣಪುಟ್ಟ ಸಾಮಾನು ಕೊಂಡು ತರುತ್ತದೆಯೇ, ಜೊತೆಗೆ ಯಾರೂ ಇಲ್ಲದೆ ಶಾಲೆಗೆ ಹೋಗುತ್ತದೆಯೇ, ಊರಲ್ಲಿ ತಾನೇ ಓಡಾಡುತ್ತದೆಯೇ. ದಮ್ಮಾಮ್, ಜುಬೈಲ್, ರಿಯಾದ್‌ಗಳ ಫ್ಲ್ಯಾಟುಗಳಲ್ಲಿ ಬೆಳೆಯುವ ನಮ್ಮ ಮಕ್ಕಳನ್ನು ನೆನೆಸಿಕೊಳ್ಳಿ. ಯಾವ ತೊಂದರೆಯೂ ಇಲ್ಲದ ಮಗು ಕೂಡ ಇಲ್ಲಿ ಒಂಟಿಯಾಗಿ ರಸ್ತೆ ದಾಟಿರುವುದಿಲ್ಲ. ಶಾಲೆಗೆ ಬಸ್ಸು ಅಥವಾ ಅಪ್ಪನ ಕಾರು, ಸಾಮಾನು ಹೈಪರ್ ಮಾರ್ಕೆಟ್ಟಿನಿಂದ, ಆಟ ಕಾರಿಡಾರಿನಲ್ಲಿ. ವರ್ಷದಲ್ಲಿ ನಾಲ್ಕೈದು ತಿಂಗಳು ಹೊರಗೆ ಕಾಲಿಡಲಾರದ ಬಿಸಿಲು. ಇಂಥ ಮಗುವನ್ನು ರಜೆಯಲ್ಲಿ ಊರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರೆ ‘ಮಾಡುವುದಿಲ್ಲ’ ಎಂಬ ಉತ್ತರ ಸಾಲುಸಾಲಾಗಿ ಬರುತ್ತದೆ. ಅದರಲ್ಲಿ ಎಷ್ಟು ಪಾಲು ಮಗುವಿನದು, ಎಷ್ಟು ಪಾಲು ಫ್ಲ್ಯಾಟಿನದು? ಅನುಭವಿ ಮನಶ್ಶಾಸ್ತ್ರಜ್ಞರು ಕೇಳಿ ತಿಳಿದುಕೊಳ್ಳುತ್ತಾರೆ, ನಿಜ. ಆದರೆ ಸರ್ಟಿಫಿಕೇಟಿನಲ್ಲಿ ಉಳಿಯುವುದು ಅಂಕ ಮಾತ್ರ.

ಈ ಅಪಾಯ ಹೊಸದಲ್ಲ. ಬುದ್ಧಿ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ. ಬುದ್ಧಿ ಬದಲಾಗದ ವಸ್ತುವೆಂಬ ಮಾತನ್ನು ಆತ ಒಪ್ಪಿರಲಿಲ್ಲ. ಆತ 1911ರಲ್ಲಿ ತೀರಿಕೊಂಡ ಮೇಲೆ ಅಮೆರಿಕದಲ್ಲಿ ಅದೇ ಪರೀಕ್ಷೆ ‘ದಡ್ಡ’ರನ್ನು ಹೊರಗಿಡುವ ಉಪಕರಣವಾಯಿತು, ಹಡಗಿನಿಂದ ಇಳಿದ ವಲಸಿಗರ ಮೇಲೂ ಪ್ರಯೋಗವಾಯಿತು. ನಮ್ಮಲ್ಲಿ ವಿ.ವಿ. ಕಾಮತರು 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಇಂಗ್ಲಿಷ್ ಬಾರದ ಮಗುವನ್ನು ಇಂಗ್ಲಿಷಿನಲ್ಲಿ ಅಳೆಯಬಾರದೆಂಬ ತಿಳಿವಳಿಕೆ ಅದರ ಹಿಂದಿತ್ತು. ಭಾಷೆ ಕೂಡ ಒಂದು ಅಡೆತಡೆಯೆಂದು ಆ ಹಿರಿಯರು ಗುರುತಿಸಿದ್ದರು. ಅದೇ ತರ್ಕವನ್ನು ಮನೆ, ಬೀದಿ, ಊರಿನವರೆಗೆ ಬೆಳೆಸುವ ಕೆಲಸ ಬಾಕಿ ಉಳಿದಿದೆ.

ವೈಕಲ್ಯ ಈಗಾಗಲೇ ಪುಸ್ತಕಕ್ಕೆ ಬಂದ ನಮೂದಾದರೆ, ಇನ್ನೂ ಪುಸ್ತಕಕ್ಕೆ ಬಾರದ ಇನ್ನೊಂದಿದೆ. ಮನಶ್ಶಾಸ್ತ್ರದವರು ಅದನ್ನು ವಲ್ನರಬಿಲಿಟಿ ಎನ್ನುತ್ತಾರೆ. ಕನ್ನಡದಲ್ಲಿ ‘ದುರ್ಬಲತೆ’ ಎಂದರೆ ಅರ್ಥ ಕೆಡುತ್ತದೆ. ಪೆಟ್ಟು ಬಿದ್ದರೆ ತಡೆಯುವ ಆಸರೆ ಇಲ್ಲದಿರುವಿಕೆ ಎಂದು ಬಿಡಿಸಿ ಹೇಳಬೇಕು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ್ದು ಕಂಟಿಂಜೆಂಟ್ ಲಯಬಿಲಿಟಿ. ಇವತ್ತು ಸಾಲವಲ್ಲ, ಆದರೆ ಒಂದು ಘಟನೆ ನಡೆದರೆ ನಾಳೆಯೇ ಸಾಲ. ಬ್ಯಾಲೆನ್ಸ್ ಶೀಟಿನ ಒಳಗೆ ಅದು ಬರುವುದಿಲ್ಲ, ಕೆಳಗಿನ ಟಿಪ್ಪಣಿಯಲ್ಲಿ ಬರೆಯಬೇಕು. ಒಳ್ಳೆಯ ಆಡಿಟರ್ ಮೊದಲು ಓದುವುದು ಆ ಟಿಪ್ಪಣಿಯನ್ನೇ.

ಕೊಲ್ಲಿ ದೇಶಗಳಲ್ಲಿರುವ ನಮ್ಮ ಬದುಕಿನ ಬ್ಯಾಲೆನ್ಸ್ ಶೀಟು ನೋಡಲು ಬಹಳ ಚೆಂದ. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದವರಿಗೇ ಕೆಲಸದ ವೀಸಾ. ಹೀಗೆ ಜರಡಿ ಹಿಡಿದು ಬಂದ ನಮ್ಮ ನಡುವೆ, ರಾಜ್ಯೋತ್ಸವದ ಸಭೆಯಲ್ಲಿ ಕುಳಿತು ನೋಡಿದರೆ, ವೈಕಲ್ಯವೆಂಬುದು ಇಲ್ಲವೇ ಇಲ್ಲ. ಟಿಪ್ಪಣಿ ಓದಿದರೆ ಬೇರೆಯೇ ಚಿತ್ರ. ಇಕಾಮಾ ಕೆಲಸಕ್ಕೆ ಅಂಟಿಕೊಂಡಿದೆ. 2021ರ ಸುಧಾರಣೆಯ ನಂತರ ಕೆಲಸ ಬದಲಿಸುವುದು ಮೊದಲಿಗಿಂತ ಸುಲಭವಾಗಿದ್ದರೂ, ಕೆಲಸವೇ ಹೋದರೆ ಹೆಂಡತಿ ಮಕ್ಕಳ ವಾಸವೂ ಹೋದಂತೆ. ಹೆಂಡತಿ ಮಕ್ಕಳ ತಲೆಯೊಂದಕ್ಕೆ ತಿಂಗಳಿಗೆ 400 ರಿಯಾಲ್ ಶುಲ್ಕ 2020ರಿಂದ ಇದೆ. ತಿಂಗಳ ಸಂಬಳದ ಪಟ್ಟಿ ಮಾಡುವಾಗ ವಿದೇಶಿ ನೌಕರರ ಕೆಲಸದ ಅಪಘಾತ ವಿಮೆಗೆಂದು ಕಂಪನಿಯ ಕಡೆಯಿಂದ ಶೇ. 2 ನಾನೇ ಲೆಕ್ಕ ಹಾಕುತ್ತೇನೆ. ಯಂತ್ರಕ್ಕೆ ಕೈ ಸಿಕ್ಕಿದವನಿಗೆ ಅದು ಆಸರೆ. ಭಾರತದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14, ಒಂದು ಕಣ್ಣಿಗೆ ಶೇ. 40 ಎಂದು ಬರೆದಿದೆ. ಎರಡು ವರ್ಷ ಊರು ಕಾಣದೆ ಕ್ಯಾಂಪಿನಲ್ಲಿ ನಿದ್ದೆಗೆಟ್ಟವನ ಮನಸ್ಸಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ.

ಸೌದಿ ಅರೇಬಿಯಾ ತನ್ನ ಜನರಿಗೆ ಏನೂ ಮಾಡಿಲ್ಲವೆಂದಲ್ಲ. ವಿಶ್ವಸಂಸ್ಥೆಯ ಒಡಂಬಡಿಕೆಗೆ 2008ರಲ್ಲೇ ಸೇರಿದೆ, 2023ರಲ್ಲಿ ಹೊಸ ಹಕ್ಕುಗಳ ಕಾನೂನು ತಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ, ಕೆಲಸದ ಸ್ವರೂಪ ಒಪ್ಪಿದರೆ, ಶೇ. 4 ಜಾಗ ಅಂಗವಿಕಲರಿಗೆಂದು ಕಾರ್ಮಿಕ ಕಾನೂನಿನಲ್ಲಿದೆ. ಆದರೆ ದುಡಿಯಲು ಬಂದ ನಮ್ಮ ಲೆಕ್ಕ ಅಲ್ಲಿಗೆ ಸೇರದು. ಹಾಗಾದರೆ ಊರಿನ ಲೆಕ್ಕಕ್ಕೆ ಸೇರುತ್ತದೆಯೇ? ಉಡುಪಿ ಕಡೆಯ ಪರಿಚಿತರೊಬ್ಬರು ಒಮ್ಮೆ ಫೋನು ಮಾಡಿ ಕೇಳಿದರು, “ಸರ್, ಮಗನ ಸರ್ಟಿಫಿಕೇಟ್ ಉಂಟು. ಊರಿನ ಬಾಡಿಗೆ ಆದಾಯದ ರಿಟರ್ನಲ್ಲಿ ಎಂಬತ್ತು ಡಿಡಿ ಹಾಕ್ಲಿಕ್ಕೆ ಆಗ್ತದಾ?” ಮಗ ತಾಯಿಯ ಜೊತೆ ಮೈಸೂರಿನಲ್ಲಿದ್ದ, ಮಾತಿನ ತರಬೇತಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಅಡಿಯಲ್ಲಿ ಅವಲಂಬಿತರ ವೈಕಲ್ಯಕ್ಕೆ 75,000 ರೂಪಾಯಿ, ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ ಉಂಟು. ಆದರೆ ಅದು ಭಾರತದ ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಐಗೆ ಬರುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಇಲ್ಲಿಗೆ ಬಂದದ್ದೇ ಅವನ ಖರ್ಚಿಗೆ ಅಲ್ವಾ ಸರ್?” ಎಂದರು. ಅದಕ್ಕೆ ಯಾವ ಸೆಕ್ಷನ್ನಿನಲ್ಲೂ ಉತ್ತರವಿಲ್ಲ.

‘ಶರಪಂಜರ’ವನ್ನು ಇಲ್ಲಿ ಕುಳಿತು ಓದಿದಾಗ ಅದರ ಮಿತಿಗಳೂ ಕಾಣುತ್ತವೆ. ಕಾವೇರಿಯದು ಅನುಕೂಲಸ್ಥರ ಮನೆ. ಗಂಡನ ಪ್ರೀತಿ ಮರಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇನೋ ಎಂಬ ಭಾವ ಓದುಗರಲ್ಲಿ ಉಳಿಯುತ್ತದೆ. ಹೆಣ್ಣಿನ ಚೇತರಿಕೆಯನ್ನು ಒಬ್ಬ ಗಂಡಸಿನ ಒಳ್ಳೆಯತನಕ್ಕೆ ಒತ್ತೆಯಿಟ್ಟಂತೆ. ಆಸ್ಪತ್ರೆಯ ಕೆಲಸ ಗೇಟಿನ ಬಳಿ ಮುಗಿಯುತ್ತದೆ. ಆ ಕಾಲದ ಕಾನೂನೂ ಹಾಗೆಯೇ ಇತ್ತು. ಆಗ ಜಾರಿಯಲ್ಲಿದ್ದದ್ದು 1912ರ ಹುಚ್ಚರ ಕಾಯ್ದೆ. ಚಿತ್ರದ ಮಿತಿ ಬೇರೆ. ಪುಟ್ಟಣ್ಣನವರ ಸಹಾನುಭೂತಿ ನಿಜವಾದದ್ದು, ಆದರೆ ಕಲ್ಪನಾರ ಅಭಿನಯದ ಬಿರುಸಿನಲ್ಲಿ ಪ್ರೇಕ್ಷಕರಿಗೆ ನೆನಪುಳಿದದ್ದು ಕಾವೇರಿ ಕೆಟ್ಟ ಗಳಿಗೆಗಳು, ಗುಣವಾಗಿದ್ದ ದಿನಗಳಲ್ಲ. ಮಿಮಿಕ್ರಿಯವರು ಇಂದಿಗೂ ಅದನ್ನೇ ಮಾಡಿ ನಗಿಸುತ್ತಾರೆ. ಕಾದಂಬರಿ ಯಾವುದನ್ನು ಖಂಡಿಸಿತೋ ಅದನ್ನೇ ನಾವು ಚಿತ್ರ ನೋಡಿ ಮಾಡಿದೆವು: ಅವಳ ಕಾಯಿಲೆಯನ್ನು ನೆನಪಿಟ್ಟುಕೊಂಡು ಅವಳನ್ನು ಮರೆತೆವು.

ಆ ಮೇಲೆ ನಮ್ಮಲ್ಲಿ ಒಳ್ಳೆಯದೂ ಆಗಿದೆ. ‘ಕೊರವಂಜಿ’ಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮನೋವೈದ್ಯಕೀಯದ ಪುಸ್ತಕವೊಂದು ಕನ್ನಡ ಸಾಹಿತ್ಯವೆಂದು ಮನ್ನಣೆ ಪಡೆಯಿತು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಮಾನಸಿಕ ಚಿಕಿತ್ಸೆಯನ್ನು ಒಯ್ದಿತು, ಅದು ಮುಂದೆ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ನಿಮ್ಹಾನ್ಸ್ 2009ರಲ್ಲಿ ತಾಯಿ–ಮಗು ಘಟಕ ತೆರೆಯಿತು: ಬಾಣಂತಿಯನ್ನು ಮಗುವಿನಿಂದ ಬೇರ್ಪಡಿಸದೆ, ಮನೆಯವರನ್ನೂ ಜೊತೆಗಿಟ್ಟುಕೊಂಡು ಚಿಕಿತ್ಸೆ. ಕಾವೇರಿಗೆ ಸಿಗಬೇಕಾಗಿದ್ದದ್ದು ಅದು.

ಶೇಕಡಾವಾರು ಬೇಡವೇ ಬೇಡ ಎನ್ನುವವನು ನಾನಲ್ಲ. ಸಂಖ್ಯೆ ಇಲ್ಲದಿದ್ದರೆ ಅಧಿಕಾರಿಯ ಮರ್ಜಿ ಬರುತ್ತದೆ; ಮರ್ಜಿಗಿಂತ ಸಂಖ್ಯೆ ಮೇಲು. ನನ್ನ ತಕರಾರು ಇಷ್ಟೇ. ಅಳೆದ ಮೇಲೆ ಟಿಪ್ಪಣಿ ಬರೆಯಬೇಕು. ಈ ವ್ಯಕ್ತಿಯ ಮನೆಯಲ್ಲಿ ಯಾರಿದ್ದಾರೆ, ಆರೈಕೆ ಮಾಡುವವರಿಗೆ ಎಷ್ಟು ವಯಸ್ಸು, ದುಡಿಮೆ ಎಷ್ಟು ಜನರದ್ದು, ಅದು ನಿಂತರೆ ಮುಂದೇನು, ಸುತ್ತಲಿನವರು ಹೇಗೆ ನಡೆದುಕೊಳ್ಳುತ್ತಾರೆ. ಸರ್ಟಿಫಿಕೇಟಿನ ಹಿಂಬದಿಯ ಅರ್ಧ ಪುಟ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣದಲ್ಲಿ ಸುತ್ತಲಿನ ಪರಿಸರಕ್ಕೆಂದೇ ಪ್ರತ್ಯೇಕ ಭಾಗವಿದೆ; ನಾವು ಹೊಸದಾಗಿ ಕಂಡುಹಿಡಿಯಬೇಕಾದ್ದೇನೂ ಇಲ್ಲ.

ಸರ್ಕಾರ ಅದನ್ನು ಯಾವಾಗ ಮಾಡುತ್ತದೋ ಮಾಡಲಿ. ಅಲ್ಲಿಯವರೆಗೆ ಕೊಲ್ಲಿಯ ಕನ್ನಡಿಗರು ತಮ್ಮ ಮಟ್ಟಿಗೆ ಮಾಡಬಹುದಾದದ್ದು ಒಂದುಂಟು. ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ರಕ್ತದ ಗುಂಪು ಬರೆದುಕೊಳ್ಳುತ್ತೇವೆ, ಯಾರಿಗಾದರೂ ತುರ್ತಾದರೆ ಇರಲಿ ಎಂದು. ಹಾಗೆಯೇ ಯಾರ ಮನೆಯಲ್ಲಿ ವಿಶೇಷ ಆರೈಕೆ ಬೇಕಾದ ಮಗುವಿದೆ, ಯಾರ ಹೆಂಡತಿ ಈಗಷ್ಟೇ ಬಾಣಂತಿ, ಊರಿನಿಂದ ತಾಯಿಯನ್ನು ಕರೆಸಲಾಗದೆ ಒಬ್ಬಳೇ ಇದ್ದಾಳೆ ಎಂಬುದೂ ನಾಲ್ಕು ಜನಕ್ಕೆ ತಿಳಿದಿರಲಿ. ಹೋಗಿ ಬಾಗಿಲು ತಟ್ಟಿ, ಮಗುವನ್ನು ಎರಡು ಗಂಟೆ ಎತ್ತಿಕೊಂಡು, ಆಕೆಗೆ ನಿದ್ದೆ ಮಾಡಲು ಬಿಟ್ಟು ಬರೋಣ. ಆಕೆ ಸಿಟ್ಟಾದರೆ ಏಕೆ ಸಿಟ್ಟಾದಳೆಂದು ಕೇಳೋಣ. ಕಾವೇರಿಯ ಮನೆಯಲ್ಲಿ ಯಾರೂ ಕೇಳದೆ ಉಳಿದದ್ದು ಆ ಒಂದು ಪ್ರಶ್ನೆಯನ್ನೇ.